ವೇಲೆಯ ಅಲೆ

ಕಳೆದ ಬೇಸಗೆಯಲ್ಲಿ ನಮ್ಮ ಮನೆಯ ಬಾವಿಗೆ ಇಟ್ಟಿದ್ದ ಮೋಟಾರು ಸುಟ್ಟುಹೋಯಿತು. ಗೃಹಸ್ಥರ ಮನೆಗಳಲ್ಲಿ ಆಗಾಗ ನಡೆಯುವ ಇಂಥ ಸಂಗತಿಯನ್ನು ಮಾಸಪತ್ರಿಕೆಗೆ ಬರೆದು ತಿಳಿಸುವ ಅಗತ್ಯವೇನೆಂದು ವಾಚಕ ಮಹಾಶಯರು ಕೇಳಬಹುದು. ಮೋಟಾರಿನ ಮಾತು ಬೇಗನೆ ಮುಗಿಯುತ್ತದೆ. ಅದನ್ನು ಬಿಚ್ಚಲು ಬಂದವನಿಂದ ಮೊದಲಾದ ಮಾತು ಮಾತ್ರ ಇನ್ನೂ ಮುಗಿದಿಲ್ಲ. ಭೂಮಿಯಿಂದ ಅರವತ್ತು ಸಾವಿರ ಕಿಲೋಮೀಟರುಗಳಾಚೆ, ಕಣ್ಣಿಗೆ ಕಾಣದ ಒಂದು ಎಲ್ಲೆಯ ಮೇಲೆ ಏಳುವ ಅಲೆಗಳಿಗೂ ಆ ಮಾತಿಗೂ ಸಂಬಂಧವಿದೆ. ಆದುದರಿಂದ ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಬೇಡುತ್ತೇನೆ.

ಬಂದವನು ನಲವತ್ತೈದನ್ನು ದಾಟಿದ ಮನುಷ್ಯ. ಕಿವಿಯ ಬಳಿ ಕೂದಲು ನರೆತಿತ್ತು. ಮೋಟಾರಿನ ಮುಚ್ಚಳವನ್ನು ತೆಗೆದು ಮೂಸಿನೋಡಿ, "ವೈಂಡಿಂಗ್ ಹೋಗಿದೆ ಮೇಷ್ಟ್ರೇ, ಹೊಸದಾಗಿ ತಂತಿ ಸುತ್ತಬೇಕು" ಎಂದನು. ಊರಿನವರೆಲ್ಲರೂ ನನ್ನನ್ನು ಮೇಷ್ಟ್ರೆಂದೇ ಕರೆಯುವುದರಿಂದ ನಾನು ವಿಶೇಷವಾಗಿ ಗಮನಿಸಲಿಲ್ಲ. ಅವನೇ ನಕ್ಕು, "ಗುರುತು ಸಿಗಲಿಲ್ಲವೇ? ಹತ್ತನೆಯ ತರಗತಿಯಲ್ಲಿ ನಿಮ್ಮ ಕೈಯಲ್ಲಿ ಓದಿದವನು" ಎಂದು ತನ್ನ ಹೆಸರನ್ನು ಹೇಳಿದನು. ಹಳೆಯ ಶಿಷ್ಯನನ್ನು ಕಂಡಾಗ ಮೇಷ್ಟರಿಗೆ ಸಂತೋಷವಾಗಬೇಕು. ನನಗೆ ಆಗಲಿಲ್ಲ. ಏನೋ ಒಂದೆರಡು ಮಾತಾಡಿ, ಅವನು ಮೋಟಾರನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗುವವರೆಗೂ ಅವನ ಮುಖವನ್ನು ನೇರವಾಗಿ ನೋಡಲಾರದೆ ನಿಂತಿದ್ದೆನು.

ಕಾರಣವಿಷ್ಟು. ೧೯೯೩ನೆಯ ಇಸವಿಯಲ್ಲಿ ನಾನು ಒಂದು ಸಣ್ಣ ಊರಿನ ಪ್ರೌಢಶಾಲೆಯಲ್ಲಿ ಕನ್ನಡ ಸಂಸ್ಕೃತಗಳ ಪಂಡಿತನಾಗಿದ್ದೆನು. ವಿಜ್ಞಾನದ ಅಧ್ಯಾಪಕರು ರಜೆಯ ಮೇಲೆ ಹೋದುದರಿಂದ ಅವರ ತರಗತಿಯನ್ನು ನೋಡಿಕೊಳ್ಳುವ ಭಾರ ನನ್ನ ಮೇಲೆ ಬಿತ್ತು. ಅಂದಿನ ಪಾಠ ಅಯಸ್ಕಾಂತದ್ದು. ನನಗೆ ಗೊತ್ತಿದ್ದದ್ದು ಆ ಶಬ್ದದ ವ್ಯುತ್ಪತ್ತಿ ಮಾತ್ರ. 'ಅಯಸ್' ಎಂದರೆ ಕಬ್ಬಿಣ, 'ಕಾಂತ' ಎಂದರೆ ಪ್ರಿಯ; ಕಬ್ಬಿಣಕ್ಕೆ ಪ್ರಿಯವಾದದ್ದು ಅಯಸ್ಕಾಂತ. ಅದು 'ಅಯಃಕಾಂತ' ಎಂದಾಗದೆ ವಿಸರ್ಗದ ಸ್ಥಾನದಲ್ಲಿ ಸಕಾರ ಬಂದುದೇಕೆಂಬುದನ್ನು ಅರ್ಧ ಗಂಟೆ ವಿವರಿಸಿದೆನು. ಮಕ್ಕಳು ಸಹಿಸಿಕೊಂಡರು.

ಪಾಠದ ಕೊನೆಗೆ ಈ ಹುಡುಗ ಎದ್ದು ನಿಂತನು. ಮನೆಯಿಂದ ಒಂದು ಗಾಜಿನ ಜಾಡಿಯನ್ನು ತಂದಿದ್ದನು. ಅದರೊಳಗೆ ರೇಷ್ಮೆಯ ಎಳೆಯಿಂದ ಸಣ್ಣದೊಂದು ಅಯಸ್ಕಾಂತದ ಕಡ್ಡಿಯನ್ನು ಅಡ್ಡಲಾಗಿ ತೂಗಬಿಟ್ಟು, ಅದಕ್ಕೆ ಕನ್ನಡಿಯ ಚೂರನ್ನು ಅಂಟಿಸಿದ್ದನು. ಮನೆಯಲ್ಲಿ ಎರಡು ಇಟ್ಟಿಗೆಗಳ ನಡುವೆ ಸಿಕ್ಕಿಸಿದ ಟಾರ್ಚಿನ ಬೆಳಕು ಆ ಕನ್ನಡಿಗೆ ತಾಗಿ ಎದುರುಗೋಡೆಯ ಮೇಲೆ ಚುಕ್ಕೆಯಾಗಿ ಬೀಳುತ್ತಿತ್ತಂತೆ. ಬೆಳಿಗ್ಗೆ ಬಿದ್ದ ಸ್ಥಳದಲ್ಲಿ ಮಧ್ಯಾಹ್ನ ಬೀಳುವುದಿಲ್ಲ. ಒಂದು ಸಂಜೆಯಂತೂ ಯಾರೂ ಮುಟ್ಟದೆ ಅತ್ತಿತ್ತ ನಡುಗಿತು. ಇದೇಕೆ ಎಂಬುದು ಅವನ ಪ್ರಶ್ನೆ.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವುದಕ್ಕೆ ಆಗಿನ ನನ್ನ ವಯಸ್ಸು ಬಿಡಲಿಲ್ಲ. "ಕಾಂತಸೂಚಿ ಉತ್ತರವನ್ನು ಬಿಟ್ಟು ಕದಲದು, ಕದಲಿದ್ದು ನಿನ್ನ ಬುದ್ಧಿ" ಎಂದೆನು. ತರಗತಿಯೆಲ್ಲ ನಕ್ಕಿತು. "ಕದಲುತ್ತದೆ ಮೇಷ್ಟ್ರೇ, ನಾನೇ ಗೋಡೆಯ ಮೇಲೆ ಗುರುತು ಹಾಕಿದ್ದೇನೆ" ಎಂದು ಅವನು ಮತ್ತೊಮ್ಮೆ ಹೇಳಿದನು. ಎದುರುಮಾತಿಗೆ ಶಿಕ್ಷೆಯಾಗಿ ಬಾಗಿಲ ಹೊರಗೆ ನಿಲ್ಲಿಸಿದೆನು. ಜಾಡಿ ನನ್ನ ಮೇಜಿನ ಮೇಲೆಯೇ ಉಳಿದಿತ್ತು. ಗಂಟೆ ಹೊಡೆದ ಮೇಲೆ ಅವನು ಬಂದು ಅದನ್ನು ಎತ್ತಿಕೊಂಡು ಹೋದನು. ಅನಂತರ ಅವನು ತರಗತಿಯಲ್ಲಿ ಪ್ರಶ್ನೆ ಕೇಳಿದುದು ನನಗೆ ನೆನಪಿಲ್ಲ.

ಇದನ್ನು ನಾನು ಮರೆತೇಬಿಟ್ಟಿದ್ದೆನು. ೨೦೨೪ನೆಯ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆ ಎಂಬಲ್ಲಿ ರಾತ್ರಿಯ ಆಕಾಶ ಕೆಂಪಾಯಿತೆಂಬ ಸುದ್ದಿ ಬಂದಿತು. ಅಲ್ಲಿಯ ವೀಕ್ಷಣಾಲಯವನ್ನು ನಡೆಸುವವರು ಬೆಂಗಳೂರಿನ ಖಭೌತ ಸಂಸ್ಥೆಯವರು. ಧ್ರುವಪ್ರದೇಶಗಳಲ್ಲಿ ಮಾತ್ರ ಕಾಣತಕ್ಕ ಪ್ರಭೆ ಹಿಮಾಲಯದವರೆಗೆ ಇಳಿದು ಬಂದಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಕಲಿಸುವ ನನ್ನ ಮಗಳು ಆ ಚಿತ್ರವನ್ನು ತೋರಿಸಿ, "ಅಪ್ಪ, ಈ ಹೊತ್ತಿನಲ್ಲಿ ಭೂಮಿಯ ಮೇಲಿನ ಸೂಜಿಗಳೆಲ್ಲ ನಡುಗಿರುತ್ತವೆ" ಎಂದಳು. ಅವಳು ಸಹಜವಾಗಿ ಆಡಿದ ಮಾತದು. ನನ್ನ ಕಣ್ಣ ಮುಂದೆ ಮೂವತ್ತು ವರ್ಷಗಳ ಹಿಂದಿನ ಜಾಡಿ ಬಂದು ನಿಂತಿತು. ಅಂದಿನಿಂದ ಅವಳನ್ನು ಕಾಡಿಸಿ, ಅವಳು ಕೊಟ್ಟುದನ್ನು ಓದಿ ತಿಳಿದುಕೊಂಡ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಸೂಜಿ ಕದಲುತ್ತದೆಂಬುದು ಹೊಸ ಸಂಗತಿಯೇ ಅಲ್ಲ. ೧೭೨೨ರಲ್ಲಿಯೇ ಲಂಡನ್ನಿನ ಗಡಿಯಾರದ ಕುಶಲಿ ಜಾರ್ಜ್ ಗ್ರಹಾಮ್ ಎಂಬವರು ಅದು ದಿನದ ಹೊತ್ತಿಗೆ ತಕ್ಕಂತೆ ಸರಿಯುವುದನ್ನು ಕಂಡಿದ್ದರು. ೧೭೪೧ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಸೆಲ್ಸಿಯಸ್ (ಜ್ವರಮಾಪಕದ ಮೇಲೆ ಹೆಸರು ಉಳಿದಿರುವ ಅದೇ ವಿದ್ವಾಂಸರು) ಮತ್ತು ಅವರ ಸಹಾಯಕ ಹಿಯೋರ್ಟರ್, ಆಕಾಶದಲ್ಲಿ ಪ್ರಭೆ ಕುಣಿದಾಗ ಸೂಜಿಯೂ ಕುಣಿಯುವುದನ್ನು ನೋಡಿದರು. ನಮ್ಮ ದೇಶದಲ್ಲಿಯೂ ಮುಂಬಯಿಯ ಕೊಲಾಬಾದಲ್ಲಿ ಇದಕ್ಕಾಗಿಯೇ ಒಂದು ವೀಕ್ಷಣಾಲಯವಿತ್ತು. ೧೮೫೯ನೆಯ ಸೆಪ್ಟೆಂಬರಿನ ಮಹಾಕ್ಷೋಭೆಯ ದಿನ ಅಲ್ಲಿಯವರು ತೆಗೆದಿಟ್ಟ ಲೆಕ್ಕ ಇಂದಿಗೂ ವಿದ್ವಾಂಸರಿಗೆ ಬೇಕಾದ ದಾಖಲೆ. ಮುಂದೆ ನಗರಕ್ಕೆ ವಿದ್ಯುತ್ ಟ್ರಾಮು ಬರುವುದೆಂದಾಗ, ಅದರ ಪ್ರವಾಹ ಸೂಜಿಯನ್ನು ಕೆಡಿಸುವುದೆಂದು ಹೆದರಿ ೧೯೦೪ರಲ್ಲಿ ಆ ಕೆಲಸವನ್ನು ಅಲಿಬಾಗಿಗೆ ಸಾಗಿಸಿದರು. ಟ್ರಾಮಿಗೆ ಹೆದರಿ ಒಂದು ಸೂಜಿಯನ್ನು ಕೊಲ್ಲಿಯಾಚೆಗೆ ಕೊಂಡೊಯ್ದು ಕಾಪಾಡಿದವರು ಒಬ್ಬರು. ಒಬ್ಬ ಹುಡುಗನ ಸೂಜಿಯನ್ನು ನಗೆಯಾಡಿದವನು ಮತ್ತೊಬ್ಬ.

ನಡುಗಿಸುವುದಾದರೂ ಯಾವುದು? ಭೂಮಿ ಒಂದು ದೊಡ್ಡ ಅಯಸ್ಕಾಂತ. ಅದರ ಕಾಂತಕ್ಷೇತ್ರ ಸುತ್ತಲಿನ ಆಕಾಶಕ್ಕೂ ಹಬ್ಬಿದೆ. ಅತ್ತ ಸೂರ್ಯನಿಂದ ಹಗಲಿರುಳೂ ಒಂದು ಗಾಳಿ ಬೀಸುತ್ತಿರುತ್ತದೆ. ಸೆಕೆಂಡಿಗೆ ಸುಮಾರು ೪೦೦ ಕಿಲೋಮೀಟರು ಅದರ ವೇಗ. ಆದರೆ ಎಷ್ಟು ತೆಳುವೆಂದರೆ ಒಂದು ಘನ ಸೆಂಟಿಮೀಟರಿನಲ್ಲಿ, ಎಂದರೆ ಆಟದ ಗೋಲಿಗಿಂತಲೂ ಕಿರಿದಾದ ಎಡೆಯಲ್ಲಿ, ಐದಾರು ಕಣಗಳಿದ್ದರೆ ಹೆಚ್ಚು. ಅವೂ ಇಡಿಯಾದ ಪರಮಾಣುಗಳಲ್ಲ. ಒಡೆದು ಧನ ಋಣ ವಿದ್ಯುತ್ತಿನ ಕಣಗಳಾಗಿ ಬೇರ್ಪಟ್ಟವು. ದ್ರವ್ಯದ ಈ ಸ್ಥಿತಿಗೆ ೧೯೨೮ರಲ್ಲಿ ಅಮೆರಿಕದ ಲ್ಯಾಂಗ್ಮ್ಯೂರ್ ಅವರು ಪ್ಲಾಸ್ಮಾ ಎಂದು ಹೆಸರಿಟ್ಟರು. ಮಿಂಚು ಪ್ಲಾಸ್ಮಾ, ಉರಿಯುತ್ತಿರುವ ಟ್ಯೂಬ್‌ಲೈಟಿನ ಒಳಗಿರುವುದೂ ಪ್ಲಾಸ್ಮಾ.

ಈ ಗಾಳಿ ಬಂದು ಭೂಮಿಯ ಕಾಂತಕ್ಷೇತ್ರವನ್ನು ಅದುಮುತ್ತದೆ. ಕ್ಷೇತ್ರ ಅದನ್ನು ಹೊರಕ್ಕೆ ನೂಕುತ್ತದೆ. ಎರಡು ಒತ್ತಡಗಳೂ ಸಮವಾಗುವ ತಾವೇ ಎಲ್ಲೆ. ಸೂರ್ಯನ ಕಡೆಗೆ ಅದು ಸಾಮಾನ್ಯವಾಗಿ ೬೪,೦೦೦ ಕಿಲೋಮೀಟರು ದೂರದಲ್ಲಿ ನಿಲ್ಲುತ್ತದೆ; ಚಂದ್ರನಿರುವ ದೂರದ ಆರನೆಯ ಒಂದು ಪಾಲು ಎನ್ನಬಹುದು. ಕತ್ತಲೆಯ ಕಡೆಗೆ ಬಾಲದಂತೆ ನೀಳವಾಗಿ ಚಂದ್ರನನ್ನೂ ದಾಟಿ ಹೋಗುತ್ತದೆ. ಇಂಥ ಒಂದು ಗುಹೆ ಇರಬೇಕೆಂದು ೧೯೩೧ರ ಸುಮಾರಿನಲ್ಲಿ ಚಾಪ್‌ಮನ್ ಮತ್ತು ಫೆರಾರೊ ಎಂಬವರು ಕಾಗದದ ಮೇಲೆ ಲೆಕ್ಕ ಹಾಕಿದ್ದರು. ೧೯೬೧ರಲ್ಲಿ ಎಕ್ಸ್‌ಪ್ಲೋರರ್ ೧೨ ಎಂಬ ಉಪಗ್ರಹ ಅದನ್ನು ದಾಟಿ ಹೋಗಿ ಬಂದು, ಇದೆಯೆಂದು ತೋರಿಸಿತು.

ಅದಕ್ಕೆ ಮ್ಯಾಗ್ನೆಟೊಪಾಸ್ ಎಂದು ಹೆಸರು. ಕನ್ನಡದಲ್ಲಿ ಏನೆನ್ನಬೇಕೆಂದು ಮಗಳು ಕೇಳಿದಳು. ಹೊಳೆದ ಶಬ್ದವನ್ನು ಹೇಳದೆ ಇರಲಾರೆ. ಹಳೆಯ ಪಂಡಿತನ ಚಾಳಿಯೆಂದು ವಾಚಕರು ಮನ್ನಿಸಬೇಕು. ಸಂಸ್ಕೃತದಲ್ಲಿ 'ವೇಲಾ' ಎಂಬ ಮಾತುಂಟು. ಕೋಶಗಳಲ್ಲಿ ಅದಕ್ಕೆ ಎಲ್ಲೆ ಎಂದು ಅರ್ಥ, ಕಡಲ ದಡವೆಂದೂ ಅರ್ಥ, ಕಡಲಿನ ನೀರು ಉಬ್ಬಿ ಏರುವುದೆಂದೂ ಅರ್ಥ, ಕಾಲವೆಂದೂ ಅರ್ಥ. ನಾವು 'ಊಟದ ವೇಳೆ' ಎನ್ನುವುದೂ ಅದರಿಂದಲೇ ಬಂದ ಮಾತು. ನೀರನ್ನು ತಡೆಯುವ ದಡಕ್ಕೂ ಅದರ ಮೇಲೆ ಏರುವ ನೀರಿಗೂ ಹಿಂದಿನವರು ಒಂದೇ ಹೆಸರಿಟ್ಟುದೇಕೆಂದು ನಾನು ವಿದ್ಯಾರ್ಥಿಯಾಗಿದ್ದಾಗ ತಲೆ ಕೆರೆದುಕೊಂಡಿದ್ದೆನು. ಈ ಮ್ಯಾಗ್ನೆಟೊಪಾಸಿನ ವಿಚಾರವನ್ನು ಓದಿದ ಮೇಲೆ ಆ ತೊಡಕು ಬಿಟ್ಟುಹೋಯಿತು. ಕಲ್ಲುಕಟ್ಟಡದ ಕೋಟೆಯಂತೆ ಅದು ನಿಂತದ್ದಲ್ಲ. ಗಾಳಿ ಜೋರಾದಾಗ ಒಳಕ್ಕೆ ಸರಿಯುತ್ತದೆ, ಸಡಿಲಿದಾಗ ಹೊರಕ್ಕೆ ಉಬ್ಬುತ್ತದೆ, ಎಲ್ಲೆಯೇ ಅಲೆಯಾಗುತ್ತದೆ.

ಕೆರೆಯ ಏರಿಯ ಮೇಲೆ ನಿಂತವರೆಲ್ಲ ಬಲ್ಲರು: ಮೇಲೆ ಗಾಳಿ ಓಡುತ್ತದೆ, ಕೆಳಗೆ ನೀರು ನಿಂತಿದೆ, ಎರಡರ ನಡುವಣ ಪದರ ನೆರಿಗೆಗಟ್ಟುತ್ತದೆ. ಒಂದರ ಮೇಲೊಂದು ಬೇರೆ ಬೇರೆ ವೇಗದಲ್ಲಿ ಜಾರುವ ಎರಡು ಹರಿವುಗಳ ನಡುವೆ ಹೀಗಾಗಲೇಬೇಕೆಂಬುದನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ೧೮೬೮ರಲ್ಲಿ, ಬ್ರಿಟನ್ನಿನ ಕೆಲ್ವಿನ್ ೧೮೭೧ರಲ್ಲಿ ಗಣಿತದಿಂದ ಸಾಧಿಸಿದರು. ಭೂಮಿಯ ಕಾಂತದ ಎಲ್ಲೆಯ ಮೇಲೂ ಸೌರಮಾರುತ ಹೀಗೆಯೇ ಅಲೆಗಳನ್ನು ಎಬ್ಬಿಸಬೇಕೆಂದು ೧೯೫೫ರಲ್ಲಿ ಜೇಮ್ಸ್ ಡಂಜಿ ಎಂಬವರು ಹೇಳಿದರು. ಇಲ್ಲಿ ನಾನು ಮಗಳೊಡನೆ ವಾದಕ್ಕೆ ನಿಂತೆನು. ಗೋಲಿಯಷ್ಟು ಎಡೆಗೆ ಐದು ಕಣಗಳಿದ್ದರೆ ಒಂದಕ್ಕೊಂದು ತಾಗುವುದೇ ಇಲ್ಲವಲ್ಲ; ತಾಗದೆ ಅಲೆ ಹೇಗೆ? ಅವಳ ಉತ್ತರ ಹೀಗಿತ್ತು: ನೀರಿನಲ್ಲಿ ಹನಿ ಹನಿಯನ್ನು ದಬ್ಬುತ್ತದೆ, ಅಲ್ಲಿ ಕಣಗಳನ್ನು ಒಟ್ಟಿಗೆ ಹಿಡಿದಿರುವುದು ಕಾಂತದ ಎಳೆ. ವಿದ್ಯುತ್ಕಣಗಳು ಆ ಎಳೆಗಳಿಗೆ ಪೋಣಿಸಿದ ಮಣಿಗಳಂತೆ. ಎಳೆಯನ್ನು ಮೀಟಿದರೆ ಮಣಿಗಳು ಕೂಡಿಯೇ ಅಲುಗುತ್ತವೆ. ಹೀಗೆ ಕಾಂತದ ಎಳೆಗಳಲ್ಲಿ ಅಲೆ ಓಡಬಲ್ಲುದೆಂದು ಸ್ವೀಡನ್ನಿನ ಆಲ್ಫ್‌ವೆನ್ ೧೯೪೨ರಲ್ಲಿ ಬರೆದಾಗ ಬಹುಮಂದಿ ನಂಬಲಿಲ್ಲ. ೧೯೭೦ರಲ್ಲಿ ನೊಬೆಲ್ ಬಹುಮಾನ ಬಂದಿತು. ಅವರನ್ನು ಬಾಗಿಲ ಹೊರಗೆ ನಿಲ್ಲಿಸಿದ ಮೇಷ್ಟರೂ ಎಲ್ಲಿಯೋ ಇದ್ದಿರಬೇಕು.

ಕಾಣದ ಅಲೆಯನ್ನು ಕಂಡುಹಿಡಿಯುವುದು ಹೇಗೆ? ಕಗ್ಗತ್ತಲೆಯಲ್ಲಿ ಒಬ್ಬನು ಕೆರೆಯೊಳಗೆ ಕೈಯಿಟ್ಟು ಕುಳಿತಿದ್ದಾನೆನ್ನಿ. ಕೈಗೆ ಒಮ್ಮೆ ನೀರು ತಾಗಿತು, ಒಮ್ಮೆ ಇಲ್ಲ. ಕೆರೆಯೇ ಏರಿ ಇಳಿಯಿತೋ, ಒಂದು ಅಲೆ ಹಾದುಹೋಯಿತೋ, ಅವನಿಗೆ ತಿಳಿಯದು. ನಾಲ್ಕು ಕಡೆ ನಾಲ್ವರು ಕುಳಿತು ಯಾವ ಕ್ಷಣದಲ್ಲಿ ಯಾರಿಗೆ ತಾಗಿತೆಂದು ಬರೆದಿಟ್ಟು ತಾಳೆ ನೋಡಿದರೆ ತಿಳಿಯುತ್ತದೆ. ಯೂರೋಪಿನವರು ಇದಕ್ಕಾಗಿಯೇ ಕ್ಲಸ್ಟರ್ ಎಂಬ ನಾಲ್ಕು ಉಪಗ್ರಹಗಳನ್ನು ಕಟ್ಟಿದರು. ೧೯೯೬ನೆಯ ಜೂನ್ ೪ರಂದು ಅವನ್ನು ಹೊತ್ತ ರಾಕೆಟ್ಟು ಹಾರಿದ ನಿಮಿಷದೊಳಗೇ ಸಿಡಿದು ನಾಲ್ಕೂ ನಾಶವಾದವು. ಅನೇಕ ವರ್ಷಗಳ ದುಡಿಮೆ ಚೂರುಚೂರಾಗಿ ನೆಲಕ್ಕೆ ಬಿದ್ದುದನ್ನು ನೋಡಿದವರು ಪುನಃ ಮೊದಲಿನಿಂದ ಕಟ್ಟಿದರು, ೨೦೦೦ದಲ್ಲಿ ಹಾರಿಸಿದರು. ಈ ಸಂಗತಿಯನ್ನು ಓದಿದಾಗ ಅಲೆಗಳನ್ನು ಮರೆತು ಸ್ವಲ್ಪ ಹೊತ್ತು ಆ ಜನರನ್ನೇ ನೆನೆಯುತ್ತ ಕುಳಿತೆನು.

ಅವರ ಶ್ರಮ ವ್ಯರ್ಥವಾಗಲಿಲ್ಲ. ಎಲ್ಲೆಯ ಪಾರ್ಶ್ವದಲ್ಲಿ ಅಲೆಗಳು ಬೆಳೆದು, ತುದಿ ಮಗುಚಿ, ಹೊಳೆಯ ಸುಳಿಗಳಂತೆ ಸುರುಳಿ ಸುತ್ತಿಕೊಳ್ಳುವುದನ್ನು ಆ ನಾಲ್ಕು ಉಪಗ್ರಹಗಳು ಹಿಡಿದುವು. ೨೦೦೪ರಲ್ಲಿ ಅದು ಪ್ರಕಟವಾಯಿತು. ಒಂದೊಂದು ಸುಳಿಯೂ ಭೂಗೋಳಕ್ಕಿಂತ ದೊಡ್ಡದು. ಇದರಿಂದ ಹಳೆಯ ಒಂದು ಒಗಟಿಗೆ ಬೆಳಕು ಬಿದ್ದಿತು. ಸೌರಮಾರುತ ತನ್ನದೇ ಆದ ಕಾಂತವನ್ನೂ ಹೊತ್ತು ತರುತ್ತದೆ. ಅದರ ದಿಕ್ಕು ಭೂಮಿಯ ಕಾಂತಕ್ಕೆ ವಿರುದ್ಧವಾಗಿದ್ದಾಗ ಎಳೆಗಳು ಕತ್ತರಿಸಿ ಬೆಸೆದುಕೊಂಡು ಬಾಗಿಲು ತೆರೆಯುತ್ತದೆ. ಒಂದೇ ದಿಕ್ಕಿಗಿದ್ದಾಗ ಬಾಗಿಲು ಬಹುಮಟ್ಟಿಗೆ ಮುಚ್ಚಿರಬೇಕು. ಆದರೆ ಹಾಗೆ ಮುಚ್ಚಿದ ಹೊತ್ತಿನಲ್ಲಿಯೂ ಹೊರಗಿನ ಪ್ಲಾಸ್ಮಾ ಒಳಗೆ ಯಥೇಚ್ಛವಾಗಿ ಸೇರಿರುತ್ತಿತ್ತು. ಬಾಗಿಲಿನಿಂದ ಬಾರದ್ದು ಸುಳಿಯೊಳಗೆ ಸುತ್ತಿಕೊಂಡು ಒಳಗೆ ಬೀಳುತ್ತದೆ.

ಇನ್ನೊಂದು ಬಗೆಯ ಅಲೆಯ ಮಾತು ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿತು. ಸೂರ್ಯನಿಗೆ ಎದುರಾದ ಮೈಯಲ್ಲಿ ಈ ಎಲ್ಲೆ ಮದ್ದಳೆಯ ಚರ್ಮದಂತೆ ಮಿಡಿಯಬೇಕೆಂದು ೧೯೭೪ರಲ್ಲಿ ಒಂದು ಸಿದ್ಧಾಂತ ಹೊರಟಿತ್ತು. ಮದ್ದಳೆಗೆ ಅಂಚಿನ ಬಿಗಿತ ಬೇಕಷ್ಟೆ. ಇಲ್ಲಿ ಅಂಚು ಯಾವುದೆಂದರೆ, ಎಲ್ಲೆಯ ಕಾಂತದ ಎಳೆಗಳು ಬಂದು ಇಳಿಯುವ ಎರಡು ಧ್ರುವಗಳ ಮೇಲಣ ವಾಯುಮಂಡಲ. ಅಲೆ ಅಲ್ಲಿಗೆ ಹೋಗಿ, ತಾಗಿ, ಹಿಂದಿರುಗಿ ಬಂದು ನಿಂತ ಅಲೆಯಾಗಬೇಕು. ಗುದ್ದು ಬೀಳುವ ಹೊತ್ತಿಗೆ ಸರಿಯಾದ ಸ್ಥಳದಲ್ಲಿ ಉಪಗ್ರಹಗಳು ಇರಬೇಕಲ್ಲ! ನಲವತ್ತೈದು ವರ್ಷ ಸಾಕ್ಷಿ ಸಿಗಲಿಲ್ಲ. ೨೦೦೭ರಲ್ಲಿ ಅಮೆರಿಕದವರು ಹಾರಿಸಿದ ಥೆಮಿಸ್ ಎಂಬ ಐದು ಉಪಗ್ರಹಗಳು ಆ ವರ್ಷದ ಆಗಸ್ಟ್ ೭ರಂದು ಮುತ್ತಿನ ಸರದಂತೆ ಸಾಲಾಗಿ ಎಲ್ಲೆಯ ಬಳಿ ಇದ್ದಾಗ, ರಭಸದ ಹರಿವೊಂದು ಬಂದು ಎಲ್ಲೆಗೆ ಬಡಿಯಿತು. ಎಲ್ಲೆ ಸುಮಾರು ಒಂಬತ್ತು ನಿಮಿಷಕ್ಕೊಮ್ಮೆಯಂತೆ ಹಿಂದಕ್ಕೂ ಮುಂದಕ್ಕೂ ತೂಗಿತು. ಆ ಲೆಕ್ಕಗಳ ರಾಶಿಯಿಂದ ಈ ಮಿಡಿತವನ್ನು ಬಿಡಿಸಿ ಲಂಡನ್ನಿನ ಮಾರ್ಟಿನ್ ಆರ್ಚರ್ ಮತ್ತು ಸಂಗಡಿಗರು ೨೦೧೯ರಲ್ಲಿ ಪ್ರಕಟಿಸಿದರು. ಗಾಳಿ ಎಲ್ಲ ಅಲೆಗಳನ್ನೂ ಬಾಲದ ಕಡೆಗೆ ಕೊಚ್ಚಿಕೊಂಡು ಹೋಗಬೇಕಲ್ಲವೇ? ಇಲ್ಲ, ಹೊಳೆಯಲ್ಲಿ ಪ್ರವಾಹಕ್ಕೆ ಎದುರಾಗಿ ಈಜುತ್ತ ಒಂದೇ ಕಡೆ ನಿಲ್ಲುವ ಮೀನಿನಂತೆ ಈ ಅಲೆಗಳು ಗಾಳಿಗೆ ಎದುರಾಗಿ ನಿಲ್ಲುತ್ತವೆಂದು ಅವರೇ ೨೦೨೧ರಲ್ಲಿ ತೋರಿಸಿದರು. ಮುಂದೆ ಬೆಂಗಳೂರಿನಲ್ಲಿ ನೆಲಸಿದ ರಾಮನ್ ಅವರು ೧೯೨೦ರಲ್ಲಿಯೇ ಮೃದಂಗದ ಕರಣೆಯ ಮರ್ಮವನ್ನು ವಿವರಿಸಿದ್ದರು. ಭೂಮಿಯೇ ಒಂದು ಮದ್ದಳೆಯೆಂದು ಕೇಳಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ!

ಆ ಮಿಡಿತ ಕಾಂತದ ಎಳೆಗಳನ್ನು ಹಿಡಿದು ನೆಲದವರೆಗೂ ಬರುತ್ತದೆ. ನಮ್ಮಲ್ಲಿಗೆ ಬರುವ ಹೊತ್ತಿಗೆ ಅತಿ ಸೂಕ್ಷ್ಮವಾಗಿರುತ್ತದೆ. ನೆಲದ ಕಾಂತದ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಮಹಾಕ್ಷೋಭೆಗಳ ಮಾತು ಬೇರೆ. ಆಗ ಎಲ್ಲೆ ೩೬,೦೦೦ ಕಿಲೋಮೀಟರು ಎತ್ತರಕ್ಕಿಂತಲೂ ಒಳಕ್ಕೆ ಸರಿದು, ಹಾಸನದ ಕೇಂದ್ರದಲ್ಲಿ ಕುಳಿತು ನಡೆಸುವ ನಮ್ಮ ಉಪಗ್ರಹಗಳೂ ಬಯಲಿಗೆ ಬೀಳುವುದುಂಟು. ೨೦೨೪ನೆಯ ಜನವರಿಯಿಂದ ನಮ್ಮ ಆದಿತ್ಯ ಎಲ್‌ ೧ ಎಂಬ ನೌಕೆ ಹದಿನೈದು ಲಕ್ಷ ಕಿಲೋಮೀಟರು ಮುಂದೆ ನಿಂತು ಬರುವ ಗಾಳಿಯನ್ನು ಅಳೆಯುತ್ತಿರುವುದರ ಉಪಯೋಗ ಇಲ್ಲಿದೆ. ೧೯೮೯ನೆಯ ಮಾರ್ಚ್ ೧೩ರಂದು ಇಂಥ ಕ್ಷೋಭೆಯಿಂದ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಅರವತ್ತು ಲಕ್ಷ ಜನ ಒಂಬತ್ತು ಗಂಟೆ ಕತ್ತಲೆಯಲ್ಲಿದ್ದರು. ಹುಡುಗನ ಚುಕ್ಕೆ ನಡುಗಿದುದು ಅದೇ ಸಂಜೆಯೆಂದು ಬರೆದಿದ್ದರೆ ಈ ಲೇಖನಕ್ಕೆ ಕಳೆ ಬರುತ್ತಿತ್ತು. ಆದರೆ ನಡುವೆ ನಾಲ್ಕು ವರ್ಷಗಳ ಅಂತರವಿದೆ. ಅವನ ಚುಕ್ಕೆಯನ್ನು ಸರಿಸಿದ್ದು 'ವೇಲೆ'ಯ ಅಲೆಯೋ, ರೇಷ್ಮೆಯ ಎಳೆಯ ತಿರುಚೋ, ಕಿಟಕಿಯ ಗಾಳಿಯೋ ಈಗ ಯಾರೂ ಹೇಳಲಾರರು. "ಎಳೆಯನ್ನು ಪರೀಕ್ಷಿಸಿ ನೋಡೋಣ ಬಾ" ಎಂದಿದ್ದರೆ ನಾನು ಮೇಷ್ಟರಾಗುತ್ತಿದ್ದೆನು. "ಕದಲದು" ಎಂದೆನು.

ಎರಡು ದಿನಗಳ ಮೇಲೆ ಅವನು ಮೋಟಾರನ್ನು ತಂದು ಜೋಡಿಸಿ ನೀರು ಬರುವುದನ್ನು ನೋಡಿ ಕೈ ತೊಳೆದುಕೊಂಡನು. ಕಾಫಿಗೆ ಕೂರಿಸಿ, "ನೋಡಪ್ಪ, ಅಂದು ನೀನು ಹೇಳಿದುದೇ ಸರಿ. ಸೂಜಿ ಕದಲುತ್ತದೆ" ಎಂದೆನು.

"ಯಾವ ಸೂಜಿ ಮೇಷ್ಟ್ರೇ?"

ನಾನು ಎಲ್ಲವನ್ನೂ ಹೇಳಿದೆನು. ಅವನು ಲೋಟವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಹೊರಗೆ ನಿಲ್ಲಿಸಿದ್ದು ನೆನಪಿದೆ. ಯಾಕೆ ಎಂಬುದು ಮರೆತಿತ್ತು. ಏನೋ ತಪ್ಪು ಮಾಡಿರಬೇಕು ಎಂದುಕೊಂಡಿದ್ದೆ" ಎಂದನು.

ನನಗೆ ಮಾತು ಹೊರಡಲಿಲ್ಲ. ಅವನೇ ಮುಂದುವರಿದು, "ಒಂಬತ್ತು ನಿಮಿಷಕ್ಕೊಂದು ಸಲವೇ? ಹಾಗಾದರೆ ದಾರದ ತಿರುಚಿನಿಂದ ಅದನ್ನು ಬೇರೆ ಮಾಡುವುದು ಹೇಗೆ?" ಎಂದು ಕೇಳಿದನು. ಉತ್ತರವನ್ನೂ ಅವನೇ ಹೇಳಿದನು: "ಒಂದು ಜಾಡಿ ಸಾಲದು ಮೇಷ್ಟ್ರೇ. ನಿಮ್ಮಲ್ಲೊಂದು, ನನ್ನಲ್ಲೊಂದು ಇಡೋಣ. ಎರಡೂ ಒಂದೇ ಹೊತ್ತಿಗೆ ಅಲುಗಿದರೆ ಗಾಳಿಯಲ್ಲ. ನನ್ನದು ಅಂಗಡಿಯಲ್ಲಿ ಬೇಡ, ಅಲ್ಲಿ ತುಂಬ ಕಬ್ಬಿಣ, ಮನೆಯಲ್ಲಿ ಇಡುತ್ತೇನೆ."

ಮುಂದಿನ ಭಾನುವಾರ ಅವನು ಎರಡು ಸಣ್ಣ ಅಯಸ್ಕಾಂತಗಳನ್ನು ತಂದನು. ನಮ್ಮ ಮನೆಯಾಕೆ ಉಪ್ಪಿನಕಾಯಿಯ ಗಾಜಿನ ಜಾಡಿಯನ್ನೂ ಹಳೆಯ ರೇಷ್ಮೆಸೀರೆಯ ಸೆರಗಿನಿಂದ ಒಂದೆಳೆಯನ್ನೂ ಕೊಟ್ಟಳು. ಹೊಸದಾಗಿ ಸುಣ್ಣ ಬಳಿದ ಗೋಡೆಯ ಮೇಲೆ ಸೀಸದ ಕಡ್ಡಿಯಿಂದ ಗುರುತು ಹಾಕುವುದಕ್ಕೆ ಮಾತ್ರ ಒಪ್ಪಲಿಲ್ಲ. ಕಾಗದವನ್ನು ಅಂಟಿಸಿ ಅದರ ಮೇಲೆ ಹಾಕುತ್ತಿದ್ದೇನೆ. ಬೆಳಿಗ್ಗೆ ಆರಕ್ಕೂ ಸಂಜೆ ಏಳಕ್ಕೂ ಅವನು ದೂರವಾಣಿಯಲ್ಲಿ ಕರೆಯುತ್ತಾನೆ; ಇಬ್ಬರೂ ಲೆಕ್ಕ ಒಪ್ಪಿಸುತ್ತೇವೆ. ಇದುವರೆಗೆ ಎರಡು ಸಲ ನನ್ನದು ನಡುಗಿತು, ಅವನದು ನಡುಗಲಿಲ್ಲ. ಒಂದು ಸಲ ಅವನದು ನಡುಗಿತು. ಮನೆಯ ಮುಂದೆ ಲಾರಿ ನಿಂತಿತ್ತಂತೆ. ನನ್ನ ಜಾಡಿಯನ್ನು ಬೀದಿಯ ಕಡೆಯಿಂದ ತೆಗೆದು ಹಿತ್ತಿಲ ಕೋಣೆಗೆ ಸಾಗಿಸಬೇಕೆಂದು ಅವನ ಅಭಿಪ್ರಾಯ. ಅಲ್ಲಿ ಹಪ್ಪಳ ಸಂಡಿಗೆಗಳ ಡಬ್ಬಗಳಿವೆ, ಎಲ್ಲವೂ ತಗಡಿನವು. ಅವನ್ನು ತೆರವು ಮಾಡಿಸುವುದು ಹೇಗೆಂದು ಯೋಚಿಸುತ್ತಿದ್ದೇನೆ.